ಗೋಡೆ ಕಾಯುವ ಹುಲ್ಲು

ಗೃಹಪ್ರವೇಶದ ಊಟ ಮುಗಿದಾಗ ಅರ್ಧ ಹಂಡೆ ಅನ್ನ ಮಿಕ್ಕಿತ್ತು. ಅನ್ನ ಚೆಲ್ಲಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಆ ಅನ್ನಕ್ಕೆ ಪಾತ್ರೆಯ ತಳದಲ್ಲಿದ್ದ ಪಾಯಸವನ್ನೂ ಸುರಿದು, ಹಿತ್ತಲಾಚೆಯ ಕೊಟ್ಟಿಗೆಗೆ ಹೊತ್ತೊಯ್ದು ಬಾನಿಗೆ ಹಾಕಿದೆವು. ಹಸು ತಲೆ ಎತ್ತದೆ ತಿಂದಿತು. ಅದಕ್ಕೂ ಹಬ್ಬದೂಟವಾಯಿತು ಎಂದು ಎಲ್ಲರಿಗೂ ಸಮಾಧಾನ.

ಮರುದಿನ ಬೆಳಿಗ್ಗೆ ಹಸು ನೆಲ ನೋಡುತ್ತ ನಿಂತಿತ್ತು. ಹಾಲು ಇಳಿದಿತ್ತು. ಕಣ್ಣು ಗುಳಿಬಿದ್ದಿದ್ದವು. ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಮನೆಯ ಹಿರಿಯರು ಗಮನಿಸಿದ್ದು ಮಾತ್ರ ಬೇರೆಯದನ್ನು: ಅದರ ಬಾಯಿ ಆಡುತ್ತಿರಲಿಲ್ಲ. ಮೆಲುಕು ನಿಂತುಹೋಗಿತ್ತು. ಪಶುವೈದ್ಯರು ಬಂದವರೇ ಹಸುವಿನ ಎಡ ಪಕ್ಕೆಯ ಹಿಂದಿನ ತಗ್ಗಿಗೆ ಮುಷ್ಟಿ ಒತ್ತಿ, ಗಡಿಯಾರ ನೋಡುತ್ತ ನಿಂತರು. ಆರೋಗ್ಯವಾಗಿರುವ ಹಸುವಾದರೆ ಎರಡು ನಿಮಿಷಕ್ಕೆ ಎರಡು ಮೂರು ಸಲ ಒಳಗಿನಿಂದ ಒಂದು ಅಲೆ ಎದ್ದು ಬಂದು ಮುಷ್ಟಿಯನ್ನು ಹೊರಕ್ಕೆ ದಬ್ಬಬೇಕು. ಎರಡು ನಿಮಿಷ ಕಳೆಯಿತು, ಮೂರಾಯಿತು. ಮುಷ್ಟಿ ಕದಲಲಿಲ್ಲ. ಅವರು ತಿರುಗಿ ಕೇಳಿದ್ದು ಒಂದೇ ಮಾತು: "ನಿನ್ನೆ ಏನು ಹಾಕಿದ್ರಿ?"

ಅರ್ಧ ಹಂಡೆ ಅನ್ನ ಅಷ್ಟು ದೊಡ್ಡ ಪ್ರಾಣಿಯನ್ನು ಹೇಗೆ ಕೆಡವಿತು ಎಂಬುದು ನನ್ನ ತಲೆಯಿಂದ ಹೋಗಲೇ ಇಲ್ಲ. ಅದರ ಲೆಕ್ಕ ಹುಡುಕುತ್ತ ಹೋದವನಿಗೆ ಸಿಕ್ಕ ಸಂಖ್ಯೆಗಳನ್ನೇ ಇಲ್ಲಿ ಹೇಳುತ್ತಿದ್ದೇನೆ. ಹೊಟ್ಟೆಯೊಳಗಿನ ಲೋಕ ಇಷ್ಟು ದೊಡ್ಡದು, ಅದನ್ನು ನಮ್ಮಿಂದ ಬೇರೆ ಮಾಡುವ ಗೋಡೆ ಇಷ್ಟು ತೆಳ್ಳಗಿನದು ಎಂದು ನನಗೆ ಗೊತ್ತಿರಲಿಲ್ಲ. ಆ ಗೋಡೆಯನ್ನು ಕಾಯುತ್ತಿರುವುದು ನಾವು ಬರೀ ಹೊಟ್ಟು, ಬರೀ ಹುಲ್ಲು ಎಂದುಕೊಂಡ ನಾರು.

ಹಸುವಿನದು ನಾಲ್ಕು ಕೋಣೆಗಳ ಹೊಟ್ಟೆ. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ರೂಮೆನ್. ದೊಡ್ಡ ತಳಿಯ ಹಸುವಿನಲ್ಲಿ ಅದು 100ರಿಂದ 200 ಲೀಟರ್ ಹಿಡಿಯುತ್ತದೆ, ಅಂದರೆ ಬಚ್ಚಲುಮನೆಯ ಪ್ಲಾಸ್ಟಿಕ್ ಡ್ರಮ್ಮಿನಷ್ಟು. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ, ಶಾಖ ಸುಮಾರು 39 ಡಿಗ್ರಿ. ಆ ದ್ರವದ ಒಂದು ಮಿಲಿಲೀಟರ್, ಅಂದರೆ ಔಷಧದ ಡ್ರಾಪರಿನಲ್ಲಿ ಸುಮಾರು 20 ಹನಿ, ತೆಗೆದು ನೋಡಿದರೆ ಅದರಲ್ಲಿ 1,000 ಕೋಟಿಯಿಂದ 10,000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಭೂಮಿಯ ಮೇಲಿನ ಎಲ್ಲ ಮನುಷ್ಯರನ್ನೂ ಎಣಿಸಿದರೆ 800 ಕೋಟಿ ಚಿಲ್ಲರೆ. ಹಸು ಮೆಲುಕಿಗೆಂದು ಒಮ್ಮೆ ಬಾಯಿಗೆ ತಂದುಕೊಳ್ಳುವ ಗುಟುಕಿನಲ್ಲಿ ಎಷ್ಟೋ ಭೂಮಂಡಲಗಳ ಜನಸಂಖ್ಯೆ ತುಂಬಿದೆ.

ಕಡಿಮೆ ಅಂದಾಜನ್ನೇ ಹಿಡಿದು 100 ಲೀಟರಿಗೆ ಗುಣಿಸಿದರೆ 10 ಕೋಟಿ ಕೋಟಿ. ಒಂದರ ಮುಂದೆ 15 ಸೊನ್ನೆ. ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕುಳಿತರೆ, ಊಟ ನಿದ್ದೆ ಬಿಟ್ಟು ಎಣಿಸಿದರೂ, ಮುಗಿಯಲು 3 ಕೋಟಿ ವರ್ಷ ಬೇಕು. ಕೊಟ್ಟಿಗೆಯಲ್ಲಿ ಬಾಲ ಆಡಿಸುತ್ತ ನಿಂತ ಒಂದೇ ಹಸುವಿನ ಒಂದೇ ಹೊಟ್ಟೆಯ ಲೆಕ್ಕ ಇದು.

ಇಷ್ಟೊಂದು ಜೀವಿಗಳು ಅಲ್ಲಿ ಯಾಕೆ? ಹಸುವಿನ ದೇಹಕ್ಕೆ ಹುಲ್ಲನ್ನು ಜೀರ್ಣಿಸಲು ಬರುವುದೇ ಇಲ್ಲ. ಹುಲ್ಲಿನ ನಾರಿನಲ್ಲಿ ಮುಖ್ಯವಾದದ್ದು ಸೆಲ್ಯುಲೋಸ್. ಅದನ್ನು ಕತ್ತರಿಸುವ ಕಿಣ್ವವನ್ನು ಹಸುವಿನ ಒಂದು ಜೀವಕೋಶವೂ ತಯಾರಿಸುವುದಿಲ್ಲ. ಹಸು ಮೇಯುವುದು ಈ ಜನಸ್ತೋಮಕ್ಕೆ. ಅವು ನಾರನ್ನು ಮುರಿದು ತಿಂದು, ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ಬಿಡುತ್ತವೆ. ಹಸು ಬದುಕುವುದು ಆ ಆಮ್ಲಗಳ ಮೇಲೆ. ಅದರ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಅಲ್ಲಿಂದಲೇ ಬರುತ್ತದೆ.

ಅಪಾಯ ಇರುವುದೂ ಅಲ್ಲೇ. ಆಮ್ಲ ದಿನಕ್ಕೆ ಕಿಲೋಗಟ್ಟಲೆ ಹುಟ್ಟುತ್ತದೆ. ಅದು ಹುಟ್ಟುವ ಚೀಲದ ಗೋಡೆಯ ಮೇಲೆ ಲೋಳೆಯ ಲೇಪವೇ ಇಲ್ಲ. ನಮ್ಮ ಜಠರ, ಕರುಳು ಎಲ್ಲಕ್ಕೂ ಲೋಳೆ ಬಳಿದಿರುತ್ತದೆ. ಹಸುವಿನ ನಾಲ್ಕನೆಯ ಹೊಟ್ಟೆಗೂ ಇದೆ. ರೂಮೆನ್‌ಗೆ ಇಲ್ಲ. ಟವೆಲಿನ ಎಳೆಗಳಂತೆ ಎದ್ದು ನಿಂತ ಸಣ್ಣ ಸಣ್ಣ ನಾಲಗೆಗಳ ಆ ಗೋಡೆ, ಕೆಲವೇ ಪದರ ಜೀವಕೋಶಗಳ ದಪ್ಪದ ಗೋಡೆ, ಬರಿಮೈಯಲ್ಲಿ ಆ ಹುಳಿ ಸಮುದ್ರದ ಎದುರು ನಿಂತಿದೆ. ಹಾಗಿದ್ದರೆ ಅದನ್ನು ಕಾಯುವವರು ಯಾರು?

ಎಂಜಲು. ಒಂದು ದೊಡ್ಡ ಹಾಲಿನ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ನೀರು ಸೇದುವ ಬಿಂದಿಗೆ 10 ಲೀಟರಿನದು ಎಂದುಕೊಂಡರೆ ಹತ್ತು ಬಿಂದಿಗೆ, ಪ್ರತಿದಿನ. ಆ ಜೊಲ್ಲಿನಲ್ಲಿ ಕರಗಿರುವ ಸೋಡಾವೇ ದಿನಕ್ಕೆ ಕಿಲೋ ದಾಟುತ್ತದೆ. ನಾವು ಇಡ್ಲಿ ಹಿಟ್ಟಿಗೆ ಚಿಟಿಕೆ ಹಾಕುವ ಅದೇ ಸೋಡಿಯಂ ಬೈಕಾರ್ಬೊನೇಟ್. ಒಂದು ಕಡೆ ಕಿಲೋಗಟ್ಟಲೆ ಹುಳಿ, ಇನ್ನೊಂದು ಕಡೆ ಕಿಲೋಗಟ್ಟಲೆ ಸೋಡಾ. ಎರಡೂ ತೂಗಿಕೊಂಡಿರುವಷ್ಟು ಹೊತ್ತು ಹಸು ಕ್ಷೇಮ.

ಜೊಲ್ಲು ಸುಮ್ಮನೆ ಬರುವುದಿಲ್ಲ, ಜಗಿದರೆ ಬರುತ್ತದೆ. ಹಸು ಒಂದು ಉಂಡೆಯನ್ನು ಬಾಯಿಗೆ ತಂದುಕೊಂಡರೆ 50ರಿಂದ 60 ಸಲ ಜಗಿಯುತ್ತದೆ. ಉಂಡೆಗೆ ಹತ್ತಿರ ಹತ್ತಿರ ಒಂದು ನಿಮಿಷ. ದಿನಕ್ಕೆ 8 ಗಂಟೆ ಮೆಲುಕು ಎಂದರೆ 480 ಉಂಡೆ, 26,000ಕ್ಕೂ ಹೆಚ್ಚು ಜಗಿತ. ಮೇಯುವಾಗಿನ ಜಗಿತವನ್ನೂ ಕೂಡಿದರೆ ದಿನಕ್ಕೆ 40,000 ದಾಟುತ್ತದೆ. ಈ ಗಿರಣಿಯನ್ನು ತಿರುಗಿಸುವುದು ನಾರು. ಉದ್ದ ಹುಲ್ಲಿನ ತುಣುಕುಗಳು ರೂಮೆನ್ ಗೋಡೆಯನ್ನು ಚುಚ್ಚಿ ಕೆರೆದಾಗಲೇ ಮೆಲುಕಿಗೆ ಕರೆ ಹೋಗುವುದು. ಪಶು ಆಹಾರದವರು ಜರಡಿ ಹಿಡಿದು ಅಳೆಯುವ ಅಳತೆಯೊಂದಿದೆ: ತುಣುಕು 8 ಮಿಲಿಮೀಟರಿಗಿಂತ ಉದ್ದವಿರಬೇಕು. ಅದೇ ಹುಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡಿ ಕೊಟ್ಟರೆ ತೂಕದಲ್ಲಿ ನಾರು ಅಷ್ಟೇ ಇರುತ್ತದೆ, ಮೆಲುಕು ಮಾತ್ರ ಕುಸಿಯುತ್ತದೆ. ಒಂದು ಹೆಬ್ಬೆಟ್ಟಿನ ಉಗುರಿಗಿಂತ ಚಿಕ್ಕ ಈ ಅಳತೆಯ ಮೇಲೆ ಹತ್ತು ಬಿಂದಿಗೆ ಜೊಲ್ಲು ನಿಂತಿದೆ.

ಈಗ ಬಾನಿಗೆ ಬಿದ್ದ ಅನ್ನದ ಕಥೆ. ಅನ್ನಕ್ಕೆ ಜಗಿತ ಬೇಕಿಲ್ಲ, ಹಾಗಾಗಿ ಜೊಲ್ಲು ಇಲ್ಲ. ಬೆಂದ ಪಿಷ್ಟವಾದ್ದರಿಂದ ಬ್ಯಾಕ್ಟೀರಿಯಾಗಳಿಗೆ ಅದು ಬಿಡಿಸಿಟ್ಟ ಹಲಸಿನ ತೊಳೆ. ರೂಮೆನ್‌ನಲ್ಲಿ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬುದೊಂದು ಇದೆ. ಹುಲ್ಲಿನ ದಿನಗಳಲ್ಲಿ ಮೂಲೆ ಹಿಡಿದು ಕೂತಿರುತ್ತದೆ. ಪಿಷ್ಟ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗಬಲ್ಲದು. ಆ ವೇಗ ಆರು ಗಂಟೆ ತಡೆಯಿಲ್ಲದೆ ನಡೆದರೆ ಒಂದೇ ಒಂದು ಬ್ಯಾಕ್ಟೀರಿಯಾದಿಂದ 2,62,144 ಆಗುತ್ತವೆ. ಅದು ಬಿಡುವ ಲ್ಯಾಕ್ಟಿಕ್ ಆಮ್ಲ ರೂಮೆನ್‌ನ ಮಾಮೂಲಿ ಆಮ್ಲಗಳಿಗಿಂತ ಸುಮಾರು ಹತ್ತು ಪಟ್ಟು ಕಟು. ಪಿಎಚ್ ಎಂಬ ಅಳತೆ 6.5ರಿಂದ 5.5ಕ್ಕೆ ಇಳಿಯಿತು ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ, ನಿಜದಲ್ಲಿ ಹುಳಿ ಹತ್ತು ಪಟ್ಟಾಗಿದೆ. 4.5 ಎಂದರೆ ನೂರು ಪಟ್ಟು. ಅಷ್ಟರಲ್ಲಿ ರೂಮೆನ್‌ನ ಅಲೆ ನಿಂತಿರುತ್ತದೆ. ರಕ್ತದ ನೀರನ್ನು ಆ ಗಟ್ಟಿ ಹುಳಿ ತನ್ನತ್ತ ಎಳೆದುಕೊಳ್ಳುತ್ತದೆ. ಹಸುವಿನ ಕಣ್ಣು ಗುಳಿಬೀಳುವುದು ಅದಕ್ಕೇ.

ಹುಳಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಾಯುತ್ತವೆ. ಸತ್ತವುಗಳ ಹೊರಪದರ ಒಡೆದು ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಪ್ರಾಣಿಗಳ ರೋಗನಿರೋಧಕ ವ್ಯವಸ್ಥೆ ಅದನ್ನು ಕಂಡರೆ ಬೆಂಕಿ ಬಿದ್ದಂತೆ ಏಳುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಹಸುಗಳಿಗೆ ಧಾನ್ಯ ಹೆಚ್ಚಿಸಿ ರೂಮೆನ್ ದ್ರವದಲ್ಲಿ ಅದನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಮಿಲಿಲೀಟರಿಗೆ ಸುಮಾರು 28,000 ಘಟಕ ಇದ್ದದ್ದು 1,07,000ಕ್ಕೆ ಏರಿತ್ತು. ಈ ಅಂಕಿಯ ತೂಕ ಗೊತ್ತಾಗಬೇಕಾದರೆ ಇನ್ನೊಂದು ಅಂಕಿ ಪಕ್ಕದಲ್ಲಿಡಬೇಕು. ಮನುಷ್ಯರ ರಕ್ತಕ್ಕೆ ಚುಚ್ಚುವ ಔಷಧಗಳಲ್ಲಿ ಇದೇ ವಸ್ತು ಇರಬಹುದಾದ ಮಿತಿ ಗಂಟೆಗೆ ದೇಹತೂಕದ ಕಿಲೋಗೆ 5 ಘಟಕ. 60 ಕಿಲೋದವರಿಗೆ 300. ಆ ರೂಮೆನ್ ದ್ರವದ ಒಂದೇ ಮಿಲಿಲೀಟರಿನಲ್ಲಿ ಅದರ 350 ಪಟ್ಟು ಇತ್ತು. ಅಂಥ ಮಿಲಿಲೀಟರುಗಳು ರೂಮೆನ್‌ನಲ್ಲಿ ಲಕ್ಷಕ್ಕೂ ಹೆಚ್ಚು. ರಕ್ತಕ್ಕೂ ಅದಕ್ಕೂ ನಡುವೆ ಇರುವುದು ಆ ಕೆಲವೇ ಪದರಗಳ ಬರಿಮೈ ಗೋಡೆ.

ಗೋಡೆ ಕೆಟ್ಟರೆ ಏನೇನಾಗುತ್ತದೆ ಎಂಬುದಕ್ಕೆ ಅಮೆರಿಕದ ದನದ ಫೀಡ್‌ಲಾಟುಗಳೇ ಸಾಕ್ಷಿ. ಅಲ್ಲಿ ಮಾಂಸದ ದನಗಳಿಗೆ ತಿಂಗಳುಗಟ್ಟಲೆ ಮೆಕ್ಕೆಜೋಳವೇ ಮುಖ್ಯ ಆಹಾರ. ಗೋಡೆ ಊದಿ, ಸುಲಿದು, ಬಿರುಕು ಬಿಡುತ್ತದೆ. ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಆ ಬಿರುಕಿನಲ್ಲಿ ನುಸುಳಿ, ರಕ್ತದ ದಾರಿ ಹಿಡಿದು ಯಕೃತ್ತಿಗೆ ಹೋಗಿ ಕೀವುಗಟ್ಟಿಸುತ್ತದೆ. ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಟಿ. ಜಿ. ನಾಗರಾಜ ಮತ್ತು ಎಂ. ಎಂ. ಚೆಂಗಪ್ಪ, ಎರಡೂ ನಮ್ಮ ಕಿವಿಗೆ ಹತ್ತಿರದ ಹೆಸರುಗಳೇ, 1998ರಲ್ಲಿ ಬರೆದ ಸಮೀಕ್ಷೆಯ ಪ್ರಕಾರ ಹೆಚ್ಚಿನ ಫೀಡ್‌ಲಾಟುಗಳಲ್ಲಿ ನೂರಕ್ಕೆ 12ರಿಂದ 32 ದನಗಳ ಯಕೃತ್ತಿನಲ್ಲಿ ಕೀವಿನ ಗಂಟು. ನೂರಕ್ಕೆ ಮೂವತ್ತೆರಡು! ಅಂಥ ಕಡೆ ಕೊಬ್ಬಿದಂತೆ ಕಾಣುವ ಹತ್ತಿರ ಹತ್ತಿರ ಮೂರರಲ್ಲೊಂದು ದನ ಒಳಗೆ ಹುಣ್ಣು ಹೊತ್ತು ನಿಂತಿದೆ. ಉರಿಯೂತ ಗೊರಸಿನವರೆಗೂ ಇಳಿಯುತ್ತದೆ. ಹಸು ಕುಂಟುತ್ತದೆ, ನಾವು ಗೊರಸು ನೋಡುತ್ತೇವೆ, ಕಾರಣ ಬಾನಿಯಲ್ಲಿರುತ್ತದೆ. ಕುದುರೆಗಳಲ್ಲೂ ಧಾನ್ಯ ಅತಿಯಾದರೆ ಇದೇ ಗೊರಸಿನ ಉರಿ.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಅದೇ ಮ್ಯಾನಿಟೋಬಾದವರು ಧಾನ್ಯದ ಬದಲು ನುಣ್ಣಗೆ ಅರೆದ ಕುದುರೆಮೆಂತೆಯ ಗುಳಿಗೆ ಕೊಟ್ಟೂ ನೋಡಿದರು. ಹುಳಿ ಏರಿತು, ಲಿಪೊಪಾಲಿಸ್ಯಾಕರೈಡೂ ರೂಮೆನ್‌ನಲ್ಲಿ ಏರಿತು, ಆದರೆ ರಕ್ತದಲ್ಲಿ ಉರಿಯೂತದ ಗುರುತು ಕಾಣಲಿಲ್ಲ. ಹಾಗಾಗಿ ಹುಳಿಯೊಂದನ್ನೇ ಅಪರಾಧಿ ಎನ್ನಲಾಗದು. ಪಿಷ್ಟ ಉಕ್ಕಿದಾಗ ಯಾವ ಯಾವ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಾರು ಕಾಯುವುದು ಹಸುವಿನ ಗೋಡೆಯನ್ನಷ್ಟೇ ಅಲ್ಲ. ಅರ್ಧ ಟನ್ನಿನ ಹಸುವಿನಿಂದ 25 ಗ್ರಾಮಿನ ಇಲಿಗೆ ಬರೋಣ. ಪ್ರಯೋಗಾಲಯದ ಮೌಸ್ ಎಂದರೆ ನಮ್ಮ ಮನೆಯ ಸುಂಡಿಲಿಯ ಜಾತಿ. ಅದರ ದೊಡ್ಡಕರುಳಿನಲ್ಲಿ ಬೇರೆಯದೇ ಏರ್ಪಾಡು. ಇಲ್ಲಿ ಗೋಡೆ ಬರಿಮೈಯಲ್ಲ, ಲೋಳೆ ಹೊದ್ದಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಮಲಿನ್ ಯೊಹಾನ್ಸನ್ ಮತ್ತು ಗುನ್ನಾರ್ ಹಾನ್ಸನ್ ತಂಡ 2008ರಲ್ಲಿ ತೋರಿಸಿದಂತೆ ಆ ಲೋಳೆಯಲ್ಲಿ ಎರಡು ಪದರ. ಹೊರಗಿನದು ಸಡಿಲ, ಅದರ ತುಂಬ ಬ್ಯಾಕ್ಟೀರಿಯಾ. ಒಳಗಿನದು ಗಟ್ಟಿ, ಅಲ್ಲಿ ಒಂದೂ ಇಲ್ಲ. ಒಳಪದರದ ದಪ್ಪ ಸುಮಾರು 50 ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ದಪ್ಪ. ಆರೋಗ್ಯವಂತ ಇಲಿಯಲ್ಲಿ ಈ ಪದರ ಸುಮಾರು ಗಂಟೆಗೊಮ್ಮೆ ಹೊಸದಾಗುತ್ತದೆ. ದಿನಕ್ಕೆ 24 ಸಲ ಗೋಡೆ ಕಟ್ಟುವ ಕೆಲಸ, ಸಾಯುವ ತನಕ.

ಗೋಡೆಯಾಚೆ ಎಷ್ಟು ಜನ? ದೊಡ್ಡಕರುಳಿನ ಒಂದು ಗ್ರಾಂ ವಸ್ತುವಿನಲ್ಲಿ ಹತ್ತಿರ ಹತ್ತಿರ 10,000 ಕೋಟಿ ಬ್ಯಾಕ್ಟೀರಿಯಾ. 2011ರ ಜನಗಣತಿಯಲ್ಲಿ ಕರ್ನಾಟಕದ್ದು 6.11 ಕೋಟಿ. ಒಂದು ಗ್ರಾಮಿನಲ್ಲಿ 1,600 ಕರ್ನಾಟಕಗಳು, ಕೂದಲಿಗಿಂತ ತೆಳ್ಳಗಿನ ಗೋಡೆಗೆ ಒರಗಿಕೊಂಡು ನಿಂತಿವೆ.

ಆ ಬ್ಯಾಕ್ಟೀರಿಯಾಗಳಿಗೆ ಊಟ ಸಿಗದಿದ್ದರೆ? ಇದನ್ನು 2016ರಲ್ಲಿ ಪರೀಕ್ಷಿಸಿದವರು ಮಹೇಶ್ ದೇಸಾಯಿ, ಎರಿಕ್ ಮಾರ್ಟೆನ್ಸ್ ಮತ್ತು ಜೊತೆಗಾರರು, ಮಿಶಿಗನ್ ಮತ್ತು ಲಕ್ಸೆಂಬರ್ಗ್‌ಗಳಲ್ಲಿ. ಹೊಟ್ಟೆಯಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ಇಲಿಗಳನ್ನು ತೆಗೆದುಕೊಂಡು, ಮನುಷ್ಯರ ಕರುಳಿನಲ್ಲಿರುವ 14 ಜಾತಿಯ ಬ್ಯಾಕ್ಟೀರಿಯಾಗಳನ್ನು ಮಾತ್ರ ಅವುಗಳಲ್ಲಿ ನೆಲೆಗೊಳಿಸಿದರು. ಹದಿನಾಲ್ಕೂ ಹೆಸರು ಗೊತ್ತಿರುವವು, ಒಂದೊಂದರ ಊಟದ ಅಭ್ಯಾಸವೂ ಗೊತ್ತಿರುವವು. ಕೆಲವು ಇಲಿಗಳಿಗೆ ನೂರಕ್ಕೆ 15 ಪಾಲು ನಾರಿದ್ದ, ಹೆಚ್ಚು ಸಂಸ್ಕರಿಸದ ಧಾನ್ಯ, ಸೊಪ್ಪುಗಳ ಆಹಾರ. ಕೆಲವಕ್ಕೆ ನಾರೇ ಇಲ್ಲದ್ದು.

ನಾರಿಲ್ಲದ ಇಲಿಗಳಲ್ಲಿ ನಾರು ತಿನ್ನುವ ಜಾತಿಗಳು ಕುಗ್ಗಿದವು. ಅಕರ್ಮಾನ್ಸಿಯಾ, ಬ್ಯಾಕ್ಟೀರಾಯ್ಡಿಸ್ ಕ್ಯಾಕೆಯಂಥವು ಹಿಗ್ಗಿದವು. ಅವು ಲೋಳೆಯನ್ನೇ ತಿಂದು ಬದುಕಬಲ್ಲವು, ಏಕೆಂದರೆ ನೀರು ಬಿಟ್ಟು ನೋಡಿದರೆ ಲೋಳೆಯ ಬಹುಭಾಗ ಸಕ್ಕರೆಯ ಸರಪಳಿಗಳೇ. ಆಹಾರವನ್ನು ದಿನ ಬಿಟ್ಟು ದಿನ ಬದಲಿಸಿದಾಗ ಈ ಏರುಪೇರು ಒಂದೊಂದು ದಿನದಲ್ಲೇ ಕಾಣಿಸಿಕೊಳ್ಳುತ್ತಿತ್ತು. ಕೊನೆಗೆ ಲೋಳೆಯ ಪದರ ಅಳೆದರೆ ಐದಾರು ಪಟ್ಟು ತೆಳ್ಳಗಾಗಿತ್ತು. ಬ್ಯಾಕ್ಟೀರಿಯಾವನ್ನು ಐದೂವರೆ ಅಡಿಯ ಮನುಷ್ಯ ಎಂದುಕೊಂಡರೆ ಆ 50 ಮೈಕ್ರಾನಿನ ಗೋಡೆ ಹನ್ನೆರಡು ಹದಿಮೂರು ಅಂತಸ್ತಿನ ಕಟ್ಟಡದಷ್ಟು ದಪ್ಪ. ಅದನ್ನು ಎರಡು ಮೂರು ಅಂತಸ್ತಿನಷ್ಟು ಉಳಿಯುವ ತನಕ ಮೆದ್ದುಬಿಟ್ಟರೆ ಹೇಗಿದ್ದೀತು, ಹಾಗೆ.

ಆಮೇಲೆ ಸಿಟ್ರೊಬ್ಯಾಕ್ಟರ್ ರೊಡೆಂಟಿಯಂ ಎಂಬ, ಇಲಿಗಳಿಗೆ ಭೇದಿ ತರುವ ಬ್ಯಾಕ್ಟೀರಿಯಾವನ್ನು ಒಳಬಿಟ್ಟರು. ನಾರು ತಿಂದ ಇಲಿಗಳು ಬಹುಮಟ್ಟಿಗೆ ತಾಳಿಕೊಂಡವು. ನಾರಿಲ್ಲದವಕ್ಕೆ ಕರುಳಿನ ತುಂಬ ಉರಿಯೂತ ಹಬ್ಬಿ ಪ್ರಾಣಕ್ಕೇ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಗುಂಪು. ಅವಕ್ಕೂ ನಾರಿಲ್ಲದ ಆಹಾರ, ಅವಕ್ಕೂ ಅದೇ ರೋಗಾಣು. ಆದರೆ ಹೊಟ್ಟೆಯಲ್ಲಿ ಆ 14 ಜಾತಿಗಳು ಇರಲಿಲ್ಲ. ಅವು ಸಾಯುವಂಥ ಉರಿಯೂತಕ್ಕೆ ಹೋಗಲಿಲ್ಲ. ರೋಗಾಣು ಒಂದೇ ಸಾಲದು, ನಾರಿನ ಕೊರತೆ ಒಂದೇ ಸಾಲದು. ಹಸಿದ ನೆಂಟರು ಮನೆಯ ಗೋಡೆ ತಿಂದಿರಬೇಕು, ಆಗಷ್ಟೇ ಕಳ್ಳನಿಗೆ ದಾರಿ. ಅಕರ್ಮಾನ್ಸಿಯಾವನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಹೊಟ್ಟೆ ತುಂಬಿದ ಊರಿನಲ್ಲಿ ಅದು ಒಳ್ಳೆಯ ಪ್ರಜೆಯೇ.

ನಾರು ತಿನ್ನುವ ಬ್ಯಾಕ್ಟೀರಿಯಾಗಳ ಹತ್ಯಾರಗಳ ಲೆಕ್ಕವೂ ಬೆರಗಿನದೇ. ಆಹಾರದ ಪಿಷ್ಟ, ಸಕ್ಕರೆಗಳನ್ನು ಕತ್ತರಿಸಲು ಮನುಷ್ಯನ ವಂಶವಾಹಿಗಳಲ್ಲಿ ಇರುವ ಕಿಣ್ವಗಳು 17ರ ಆಸುಪಾಸು. ನಮ್ಮ ಕರುಳಿನ ಬ್ಯಾಕ್ಟೀರಾಯ್ಡಿಸ್ ಥೀಟಯೋಟಾಮೈಕ್ರಾನ್ ಎಂಬ ಒಂದೇ ಜಾತಿಯ ಬಳಿ 250ಕ್ಕೂ ಹೆಚ್ಚು. ಎರಡು ಮೈಕ್ರಾನಿನ ಜೀವಿಯ ಸಲಕರಣೆ ಪೆಟ್ಟಿಗೆಯ ಮುಂದೆ ನಮ್ಮದು ಬರೀ ಒಂದು ಕುಡುಗೋಲು.

ನಾರು ಗೋಡೆಯನ್ನು ಉಳಿಸುವುದು ಅದನ್ನು ತಿನ್ನದಂತೆ ತಡೆದು ಮಾತ್ರವಲ್ಲ. ಗೋಡೆಗೆ ಊಟವನ್ನೂ ಅದೇ ಕೊಡುತ್ತದೆ. ನಾರು ಹುದುಗಿ ಹುಟ್ಟುವ ಬ್ಯುಟಿರೇಟ್ ಇದೆಯಲ್ಲ, ಬೆಣ್ಣೆಯಲ್ಲೂ ಸಿಗುವುದರಿಂದ ಆ ಹೆಸರು, ಅದು ದೊಡ್ಡಕರುಳಿನ ಒಳಪದರದ ಜೀವಕೋಶಗಳ ಶಕ್ತಿಯಲ್ಲಿ ನೂರಕ್ಕೆ 70ರಷ್ಟನ್ನು ಒದಗಿಸುತ್ತದೆ. ಆ ಪದರ ಕೆಲವೇ ದಿನಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಮನುಷ್ಯರಲ್ಲಿ ಕರುಳಿನ ಒಳಪದರ ದಿನಕ್ಕೆ ಸುಮಾರು 4,000 ಕೋಟಿ ಜೀವಕೋಶಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ. ಬ್ಯುಟಿರೇಟ್ ಉರಿಸುವಾಗ ಆ ಜೀವಕೋಶಗಳು ಆಮ್ಲಜನಕವನ್ನೂ ಬಳಸಿ ಮುಗಿಸುತ್ತವೆ. ಕರುಳಿನೊಳಗೆ ಆಮ್ಲಜನಕ ಸೋರದಿದ್ದರೆ ಅದನ್ನು ಬಯಸುವ ರೋಗಾಣುಗಳಿಗೆ ಅಲ್ಲಿ ನೆಲೆ ಸಿಗದು. 2013ರಲ್ಲಿ ಬೇರೆ ಬೇರೆ ಮೂರು ತಂಡಗಳು ಇಲಿಗಳಲ್ಲಿ ಇನ್ನೊಂದನ್ನು ಕಂಡವು. ಈ ಸಣ್ಣ ಆಮ್ಲಗಳು ಕರುಳಿನಲ್ಲಿ ಉರಿಯೂತವನ್ನು ತಣಿಸುವ ಟಿ-ಜೀವಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ. ಹುಲ್ಲುಕಡ್ಡಿಯ ತುಣುಕು ರಕ್ಷಣಾ ಪಡೆಗೆ ಸಮಾಧಾನದ ಮಾತು ಹೇಳಿ ಕಳಿಸಿದ ಹಾಗೆ.

ಹಾಗೆಂದು ಡಬ್ಬದಿಂದ ನಾರಿನ ಪುಡಿ ಕದಡಿ ಕುಡಿದರೆ ಆಯಿತೇ? ದೇಸಾಯಿಯವರ ಪ್ರಯೋಗದಲ್ಲೇ ಉತ್ತರವಿದೆ. ನಾರಿಲ್ಲದ ಆಹಾರಕ್ಕೆ ಶುದ್ಧೀಕರಿಸಿದ, ಕರಗುವ ನಾರಿನ ಪುಡಿ ಬೆರೆಸಿ ಕೊಟ್ಟ ಇಲಿಗಳಲ್ಲೂ ಲೋಳೆ ಸವೆಯುವುದು ನಿಲ್ಲಲಿಲ್ಲ. 2018ರಲ್ಲಿ ಮಾತಂ ವಿಜಯಕುಮಾರ್ ಅವರ ತಂಡ ಪ್ರಕಟಿಸಿದ ಫಲಿತಾಂಶ ಇನ್ನೂ ಕಳವಳದ್ದು. ರೋಗನಿರೋಧಕ ವಂಶವಾಹಿಯೊಂದನ್ನು ತೆಗೆದ ಇಲಿಗಳಿಗೆ ಇನ್ಯುಲಿನ್ ಎಂಬ ಶುದ್ಧ ನಾರನ್ನು ತಿಂಗಳುಗಟ್ಟಲೆ ಕೊಟ್ಟಾಗ ಕೆಲವಕ್ಕೆ ಯಕೃತ್ತಿನ ಕ್ಯಾನ್ಸರ್ ಬಂತು. ಹಸುವಿನಲ್ಲಿ 8 ಮಿಲಿಮೀಟರ್ ಹೇಳಿದ್ದನ್ನೇ ಇಲಿಯೂ ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ. ನಾರು ಎಂದರೆ ಚೀಟಿಯ ಮೇಲಿನ ಗ್ರಾಂ ಅಲ್ಲ. ಅದು ಕಾಳಿನ, ಕಡ್ಡಿಯ, ಸಿಪ್ಪೆಯ ಮೈಕಟ್ಟು. ಆ ಕಟ್ಟನ್ನು ಬಿಡಿಸಲು ಹತ್ತಾರು ಜಾತಿಗಳು ಹೊತ್ತು ಹಿಡಿದು ದುಡಿಯಬೇಕು.

ಆ ಜಾತಿಗಳೇ ಕಳೆದುಹೋದರೆ? ಸ್ಟ್ಯಾನ್‌ಫರ್ಡಿನ ಎರಿಕಾ ಮತ್ತು ಜಸ್ಟಿನ್ ಸೊನೆನ್‌ಬರ್ಗ್ 2016ರ ಜನವರಿಯಲ್ಲಿ ಪ್ರಕಟಿಸಿದ ಪ್ರಯೋಗ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೊತ್ತ ಇಲಿಗಳಿಗೆ ನಾರು ತೀರಾ ಕಡಿಮೆ ಮಾಡಿದರು. ಕೆಲವೇ ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾತಿಗಳ ಸಂಖ್ಯೆ ಮುಕ್ಕಾಲು ಪಾಲು ಕುಸಿಯಿತು. ಏಳು ವಾರದ ಬಳಿಕ ಮತ್ತೆ ನಾರು ಕೊಟ್ಟರು. ಮೂರರಲ್ಲೊಂದು ಜಾತಿ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಆ ಇಲಿಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೂ ಅದೇ ಆಹಾರದಲ್ಲಿ ಬೆಳೆಸಿದರು. ತಾಯಿಯಿಂದ ಮರಿಗೆ ದಾಟುವ ಗಂಟು ಪ್ರತಿ ತಲೆಮಾರಿಗೂ ಸಣ್ಣದಾಯಿತು. ನಾಲ್ಕನೆಯ ತಲೆಮಾರಿನಲ್ಲಿ ಮುತ್ತಜ್ಜಿಯ ಕರುಳಿನಲ್ಲಿದ್ದ ಜಾತಿಗಳಲ್ಲಿ ನಾಲ್ಕಕ್ಕೆ ಮೂರು ಕಾಣಲಿಲ್ಲ. ಆ ಮರಿಗಳಿಗೆ ಬೇಕಾದಷ್ಟು ನಾರು ಕೊಟ್ಟರೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜಾತಿಗಳು ಹಿಂತಿರುಗಲಿಲ್ಲ. ತಿನ್ನುವವರೇ ಇಲ್ಲದ ಮೇಲೆ ಅಡುಗೆ ಮಾಡಿ ಏನು?

ಅವು ಬಂದದ್ದು ಒಂದೇ ದಾರಿಯಲ್ಲಿ. ನಾರು ತಿಂದು ಬೆಳೆದ ಇಲಿಗಳ ಹಿಕ್ಕೆಯಿಂದ ಬ್ಯಾಕ್ಟೀರಿಯಾಗಳನ್ನು ತೆಗೆದು ಇವುಗಳ ಹೊಟ್ಟೆಗೆ ಕೊಟ್ಟು, ಜೊತೆಗೆ ನಾರನ್ನೂ ಕೊಟ್ಟಾಗ, ಎರಡು ವಾರದೊಳಗೆ ಹಳೆಯ ಊರು ಮತ್ತೆ ತುಂಬಿತು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಪಶುವೈದ್ಯರ ಬಕೆಟ್ಟು. ಅಂದು ಅವರು ಮೊದಲು ಸೋಡಾ ಕದಡಿ ಕುಡಿಸಿದರು, ರಕ್ತನಾಳಕ್ಕೆ ಬಾಟಲಿ ಬಾಟಲಿ ದ್ರವ ಏರಿಸಿದರು. ಎರಡನೆಯ ದಿನ ಎದುರು ಮನೆಯ ಗಟ್ಟಿಮುಟ್ಟಾದ ಹಸುವನ್ನು ಕಟ್ಟಿ, ಬಾಯಿಂದ ರಬ್ಬರ್ ಕೊಳವೆ ಇಳಿಸಿ, ಅದರ ರೂಮೆನ್‌ನಿಂದ ಮೂರು ಲೀಟರಿನಷ್ಟು ರಸ ತೆಗೆದರು. ಹಸಿರು ಕಂದು ಬಣ್ಣ, ಬೆಚ್ಚಗಿನ ನೊರೆ, ಹುದುಗಿದ ಹುಲ್ಲಿನ ವಾಸನೆ. ತಣ್ಣಗಾಗುವ ಮೊದಲು ಅದನ್ನು ನಮ್ಮ ಹಸುವಿಗೆ ಕುಡಿಸಿದರು. ಪಶುವೈದ್ಯರಿಗೆ ಇದು ಹಳೆಯ ವಿದ್ಯೆ, ಹೊಟ್ಟೆ ಕೆಟ್ಟ ದನಕ್ಕೆ ಒಳ್ಳೆಯ ದನದ ಮೆಲುಕು ತಿನ್ನಿಸುವುದು ಬ್ಯಾಕ್ಟೀರಿಯಾಗಳ ಹೆಸರು ಗೊತ್ತಾಗುವುದಕ್ಕಿಂತ ಎಷ್ಟೋ ಮೊದಲಿನದು. ಆ ಬಕೆಟ್ಟಿನಲ್ಲಿ ಇದ್ದದ್ದು ಕಡಿಮೆಯೆಂದರೂ 30 ಲಕ್ಷ ಕೋಟಿ ಬ್ಯಾಕ್ಟೀರಿಯಾ. ಒಬ್ಬ ಮನುಷ್ಯನ ಇಡೀ ಮೈಯಲ್ಲಿ ಇರುವವು 38 ಲಕ್ಷ ಕೋಟಿ ಎಂದು ಇಸ್ರೇಲಿನ ರಾನ್ ಮಿಲೊ ತಂಡದ 2016ರ ಲೆಕ್ಕ. ಒಬ್ಬ ಮನುಷ್ಯನೊಳಗಿನ ಇಡೀ ಲೋಕದಷ್ಟು ಜೀವರಾಶಿ ಎದುರು ಮನೆಯಿಂದ ನಮ್ಮ ಕೊಟ್ಟಿಗೆಗೆ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಸ್ತೆ ದಾಟಿ ಬಂದಿತ್ತು.

"ಈಗ ಇವಕ್ಕೆ ಊಟ ಬೇಕು" ಎಂದು ವೈದ್ಯರು ಬಣವೆಯ ಕಡೆ ಕೈ ತೋರಿಸಿದರು. ಹಿಂಡಿ ಬೇಡ, ಬೂಸಾ ಬೇಡ, ಫೀಡು ಬೇಡ, ಬರೀ ರಾಗಿಹುಲ್ಲು, ಕತ್ತರಿಸದೆ. ಒಂದು ಗಿಡ ಎರಡು ಹೊಟ್ಟೆಗಳನ್ನು ಹೀಗೆ ಸಾಕುತ್ತದೆ. ಹುಲ್ಲು ಕೊಟ್ಟಿಗೆಗೆ, ಕಾಳು ಅಡುಗೆಮನೆಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ರಾಗಿಯಲ್ಲಿ 11.18 ಗ್ರಾಂ ನಾರಿದೆ, ಗಿರಣಿಯ ಬಿಳಿ ಅಕ್ಕಿಯಲ್ಲಿ 2.81 ಗ್ರಾಂ. ಮುದ್ದೆಯಿಂದ ಅನ್ನಕ್ಕೆ ಬಂದ ನಮ್ಮ ಮನೆಯಲ್ಲಿ ಅಜ್ಜಿಯಿಂದ ನನ್ನ ಮಗಳವರೆಗೆ ಎಣಿಸಿದರೆ ಸರಿಯಾಗಿ ನಾಲ್ಕು ತಲೆಮಾರು.

ಮೂರನೆಯ ದಿನ ಹಸು ಹುಲ್ಲನ್ನು ಮೂಸಿತು, ಎರಡು ಎಳೆ ಎಳೆದು ಬಿಟ್ಟಿತು. ನಾಲ್ಕನೆಯ ದಿನ ಸಂಜೆ ನಾನು ಅದರ ಎಡಪಕ್ಕೆಗೆ ಮುಷ್ಟಿ ಒತ್ತಿ ನಿಂತಿದ್ದೆ. ಕೈಯಡಿಯಲ್ಲಿ ಏನೋ ಉಬ್ಬಿದಂತಾಯಿತು, ನಿಧಾನವಾಗಿ, ಗಡಗಡ ಸದ್ದಿನೊಂದಿಗೆ, ಮುಷ್ಟಿಯನ್ನು ಹೊರಕ್ಕೆ ತಳ್ಳಿ ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಹಸು ಮಲಗಿತು. ಕುತ್ತಿಗೆಯ ಚರ್ಮದಡಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಓಡಿತು. ದವಡೆ ಪಕ್ಕಕ್ಕೆ ಹೊರಳಿತು, ತುಟಿಯ ಅಂಚಿನಲ್ಲಿ ಜೊಲ್ಲಿನ ಎಳೆ ಇಳಿಯಿತು. ನಾನು ಎಣಿಸತೊಡಗಿದೆ. 54ಕ್ಕೆ ನುಂಗಿತು. ನಾಲ್ಕೈದು ಸೆಕೆಂಡು ಬಾಯಿ ಸುಮ್ಮನಾಯಿತು. ಮತ್ತೆ ಕುತ್ತಿಗೆಯಡಿ ಇನ್ನೊಂದು ಉಂಡೆ ಮೇಲೆ ಬಂತು.